ದುಬೈಗೆ ಹೋಗ್ಲಾ, ಕೂಲರ್ ರಿಪೇರಿ ಮಾಡಿಸ್ಲಾ?

ನಮಸ್ಕಾರ, ಬನ್ನಿ ಬನ್ನಿ. ಇದು ಕಲಬುರಗಿ ಸೂಪರ್ ಮಾರ್ಕೆಟ್, ಟೈಮ್ ಬೆಳಿಗ್ಗೆ ಎಂಟೂವರೆ. ಬೆಳಕು ನೋಡಿ ಮಧ್ಯಾಹ್ನ ಅಂದುಕೊಳ್ಳಬೇಡಿ. ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ಹಲ್ಲುಜ್ಜದೇ ಡ್ಯೂಟಿಗೆ ಬರುತ್ತಾನೆ. ಬೇಸಿಗೆ ಅಂತ ಇಲ್ಲಿ ಸರ್ಕಾರಿ ಆಫೀಸುಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ನಮ್ಮದು ಪ್ರೈವೇಟ್. ನಮಗೆ ಆ ಭಾಗ್ಯ ಇಲ್ಲ.

ವಿಷಯ ಏನಪ್ಪಾ ಅಂದರೆ, ನನಗೆ ದುಬೈಯಿಂದ ಆಫರ್ ಬಂದಿದೆ. ಅಕೌಂಟ್ಸ್ ಕೆಲಸ. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಸುದ್ದಿ ಗೊತ್ತಾದಾಗಿನಿಂದ ಮನೆಯಲ್ಲಿ, ಓಣಿಯಲ್ಲಿ ಎಲ್ಲರದೂ ಒಂದೇ ಮಾತು. "ನೀ ಕಲಬುರಗಿಯಾಕಿ, ನಿನಗೇನು ಬಿಸಲು ಹೊಸದಾ?" ಮೊದಲ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಎರಡನೇ ದಿನ ಕೂಲರ್ ಕೆಟ್ಟಿತು.

ರಾತ್ರಿ ಒಂದೂವರೆಗೆ ಎಚ್ಚರ ಆಯಿತು. ಫ್ಯಾನ್ ತಿರುಗುತ್ತಿದೆ, ಆದರೆ ಗಾಳಿ ಒಲೆ ಬಾಯಿಂದ ಬಂದ ಹಾಗಿದೆ. ಪಂಪ್ ಸತ್ತಿತ್ತು. ಈ ಕ್ಲೋಸಪ್ ನೋಡಿ, ಸುತ್ತ ಬೆಳ್ಳಗೆ ಸುಣ್ಣ ಮೆತ್ತಿದೆ. ಬೋರ್‌ವೆಲ್ ನೀರಿನ ಪುಣ್ಯ. ಉಗುರಿನಿಂದ ಕೆರೆದರೆ ಮೊಟ್ಟೆ ಸಿಪ್ಪೆ ಥರ ಚಕ್ಕೆ ಏಳುತ್ತದೆ.

ಈಗ ಅಂಗಡಿ. ಹೋದ ವರ್ಷ ಇಂಥದ್ದೇ ಪಂಪ್ 220 ರೂಪಾಯಿಗೆ ತಂದಿದ್ದೆ. ಈ ಸಲ 450. ಯಾಕ್ರಿ ಅಂದರೆ, "ಬಿಸಲು ಏರಿದಂಗ ರೇಟೂ ಏರ್ತದ್ರಿ ಅಕ್ಕಾ" ಅನ್ನುತ್ತಾನೆ. ನಾನು ಡಿಸೆಂಬರ್‌ನಲ್ಲೇ ಬಂದು ತಗೋಬೇಕಿತ್ತಂತೆ. ಡಿಸೆಂಬರ್‌ನಲ್ಲಿ ಯಾವ ಮನುಷ್ಯನಿಗೆ ಕೂಲರ್ ಪಂಪ್ ನೆನಪಾಗುತ್ತದೆ? 400ಕ್ಕೆ ಮುಗಿಸಿದೆ. ಮೂರು ಬದಿಗೆ ಹೊಸ ಹುಲ್ಲು, ಅದು ಬೇರೆ 240. ಮನೆಗೆ ಬಂದು ಕೂರಿಸಿದರೆ ಪಂಪಿನ ಮೂತಿ ಸಣ್ಣದು, ಪೈಪ್ ದೊಡ್ಡದು. ನೀರು ಮೇಲೆ ಹತ್ತುವ ಬದಲು ಅಲ್ಲೇ ಬುಳುಬುಳು ಅನ್ನುತ್ತಿದೆ. ವಾಪಸ್ ಹೋದೆ. ಬದಲಾಯಿಸಿ ಕೊಡಲ್ಲವಂತೆ, ಯಾಕೆಂದರೆ ಪಂಪಿಗೆ ನೀರು ತಾಗಿದೆ! ಕೂಲರ್ ಪಂಪಿಗೆ ನೀರಲ್ಲದೆ ಮಜ್ಜಿಗೆ ತಾಗಬೇಕಿತ್ತಾ? ಹದಿನೈದು ನಿಮಿಷ ವಾದ. ಕಡೆಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮೂತಿಗೆ ಸುತ್ತಿ ಕೊಟ್ಟ. ಅದಕ್ಕೂ ಹತ್ತು ರೂಪಾಯಿ. ಆ ಹತ್ತು ರೂಪಾಯಿಯ ಸಿಟ್ಟು ಇನ್ನೂ ಇಳಿದಿಲ್ಲ.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ಈ ಡಬ್ಬಿಗೆ ಹೆಸರು ಡೆಸರ್ಟ್ ಕೂಲರ್. ಮರುಭೂಮಿಗೆ ಹೋಗ್ತಿದ್ದೀನಲ್ಲ, ಅಲ್ಲಿ ಒಂದು ತಗೊಂಡರಾಯಿತು ಅಂತ ದುಬೈನಲ್ಲಿರುವ ಅಣ್ಣನಿಗೆ ಫೋನ್‌ನಲ್ಲಿ ಹೇಳಿದೆ. ಬಿದ್ದು ಬಿದ್ದು ನಕ್ಕ. ದುಬೈನ ಬೇಸಿಗೆಗೆ ಕೂಲರ್ ನಡೆಯಲ್ಲ. ನಮ್ಮ ಮೇ ತಿಂಗಳ ಗಾಳಿ ಒಣಗಿರುತ್ತದೆ. ಹುಲ್ಲಿನಲ್ಲಿರುವ ನೀರು ಆರುತ್ತಾ ಗಾಳಿಯ ಬಿಸಿ ಎಳೆದುಕೊಳ್ಳುತ್ತದೆ, ಅದಕ್ಕೇ ತಂಪು. ದುಬೈ ಇರುವುದು ಸಮುದ್ರದ ಪಕ್ಕ. ಅಲ್ಲಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಕೂಲರ್ ಹಾಕಿದರೆ ಹಾಸಿಗೆಯೆಲ್ಲ ಅಂಟಂಟು ಆಗುತ್ತದಲ್ಲ? ಆ ಅಂಟಿನ ಜೊತೆಗೆ 40 ಡಿಗ್ರಿ ಬಿಸಿಲು ಇಟ್ಟು ನೋಡಿ. ಅದು ದುಬೈನ ಆಗಸ್ಟ್ ಹಗಲು. ಹಾಗಾಗಿ ಕಲಬುರಗಿಯಾಕಿ ಅನ್ನುವ ಸರ್ಟಿಫಿಕೇಟ್ ಅಲ್ಲಿ ಓಡಲ್ಲ.

ನಲ್ಲಿ ನೀರಿನ ಕಥೆ ಇನ್ನೂ ಮಜಾ ಇದೆ. ಟ್ಯಾಂಕ್ ಬಿಸಿಲಲ್ಲಿ ಕಾದು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಗೀಸರ್ ಆಫ್ ಮಾಡಿಬಿಡುತ್ತಾರೆ. ಗೀಸರ್ ಇರುವುದು ಏಸಿ ಹಾಕಿದ ಮನೆಯೊಳಗೆ, ಅದರಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ. ಆಗ ತಣ್ಣೀರು ಬೇಕೆಂದರೆ ಕೆಂಪು ಗುರುತಿನ ನಲ್ಲಿ ತಿರುಗಿಸಬೇಕು! ನಮ್ಮ ಸಿಂಟೆಕ್ಸ್ ನೀರೂ ಮಧ್ಯಾಹ್ನ ಚಹಾ ಮಾಡುವಷ್ಟು ಕಾದಿರುತ್ತದೆ, ಈ ಐಡಿಯಾ ನಮಗ್ಯಾಕೆ ಹೊಳೆಯಲಿಲ್ಲ? ಓಹ್, ಗೀಸರ್ ಇರುವ ರೂಮಿಗೆ ಏಸಿ ಇಲ್ಲ. ಬಿಡಿ.

ಇದು ಮಧ್ಯಾಹ್ನ ಎರಡು ಗಂಟೆ, ಜಗತ್ ಸರ್ಕಲ್. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಸ್ಕೂಟಿ ಓಡಿಸುತ್ತಿರುವ ಭಯೋತ್ಪಾದಕಿ ನಾನೇ. ಡಿಕ್ಕಿಯಲ್ಲಿ ಅಮ್ಮ ಇಟ್ಟ ಉಳ್ಳಾಗಡ್ಡಿ ಇದೆ, ಬಿಸಿಲು ಬಡಿಯಬಾರದು ಅಂತ. ಉಪಯೋಗ ಆಗುತ್ತದೋ ಇಲ್ಲವೋ, ತೆಗೆಯಲು ಧೈರ್ಯ ಇಲ್ಲ. ಈ ಶಾಟ್ ನೋಡಿದಾಗ ಮಾತ್ರ ಹೋಗಿಬಿಡೋಣ ಅನ್ನಿಸುತ್ತದೆ. ಅಲ್ಲಿ ಬಸ್ ಸ್ಟಾಪಿಗೂ ಏಸಿ. ಮೆಟ್ರೋ 2009ರಲ್ಲೇ ಬಂದಿದೆ. ಮನೆ, ಮೆಟ್ರೋ, ಆಫೀಸು, ಬಿಸಿಲು ಎಲ್ಲಿ ಸಿಗುತ್ತದೆ? ಸಿಗುವುದು ಕಟ್ಟಡ ಕಟ್ಟುವವರಿಗೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ ಅಂತ ಅಲ್ಲಿ ನಿಯಮವೇ ಇದೆ. ನಮ್ಮಲ್ಲಿ ಅದೇ ಹೊತ್ತಿಗೆ, ನೋಡಿ, ಎಡಗಡೆ, ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಒಂದು ದಿರ್ಹಮ್‌ಗೆ ಇಪ್ಪತ್ತಕ್ಕೂ ಜಾಸ್ತಿ ರೂಪಾಯಿ ಅಂತ ಗುಣಿಸಿ ಒಂದು ರಾತ್ರಿ ಕುಣಿದಾಡಿದ್ದೆ. ಆಮೇಲೆ ಬಾಡಿಗೆ ಕೇಳಿದೆ. ತಿಂಗಳ ಲೆಕ್ಕ ಅಲ್ಲ, ವರ್ಷದ ಬಾಡಿಗೆಗೆ ಮುಂಗಡವಾಗಿ ಚೆಕ್ ಬರೆದು ಕೊಡುವ ಪದ್ಧತಿ. ಮೇಲೆ ಬಾಡಿಗೆಯ ಶೇಕಡಾ 5ರಷ್ಟು ಮುನಿಸಿಪಾಲಿಟಿಗೆ, ಅದು ಕರೆಂಟ್ ಬಿಲ್ ಜೊತೆ ತಿಂಗಳು ತಿಂಗಳು ಬರುತ್ತದೆ. ಅಕೌಂಟೆಂಟ್ ಆಗಿ ಹೇಳುತ್ತೇನೆ, ಗುಣಾಕಾರ ಮಾಡುವಾಗ ಇರುವ ಖುಷಿ ವಜಾಬಾಕಿಯಲ್ಲಿ ಇರಲ್ಲ.

ಸಂಜೆ ಏಳು. ನಮ್ಮ ಮಾಳಿಗೆ. ಶಹಾಬಾದ್ ಪರಸಿ ಕಲ್ಲಿನ ಮೇಲೆ ಎರಡು ಕೊಡ ನೀರು ಚೆಲ್ಲಿದರೆ ಚುಂಯ್ ಅಂತ ಸಣ್ಣ ಹಬೆ, ಆಮೇಲೆ ಮಣ್ಣಿನ ವಾಸನೆ. ಹತ್ತು ಗಂಟೆಗೆ ಇಲ್ಲೇ ಚಾಪೆ ಹಾಸಿದರೆ ಬೆಳಗಿನ ಜಾವ ಹೊದಿಕೆ ಹುಡುಕಬೇಕು. ದುಬೈನಲ್ಲಿ ಜುಲೈ, ಆಗಸ್ಟ್ ರಾತ್ರಿಯೂ 30ರ ಆಸುಪಾಸು, ಅದೂ ಬೆವರಿನ ಜೊತೆ. ಮಾಳಿಗೆ ಮೇಲೆ ಮಲಗುವ ಮಾತೇ ಇಲ್ಲ. ಇದನ್ನು ಹೇಳಿದರೆ ಅಣ್ಣ ಏನಂದ ಗೊತ್ತಾ? "ನವೆಂಬರ್‌ನಾಗ ಬಾ, ಆಮ್ಯಾಲೆ ಮಾತಾಡು." ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಹವಾ ಮಸ್ತ್ ಇರುತ್ತದಂತೆ. ಸೇರುವ ತಾರೀಖು ಅಕ್ಟೋಬರ್‌ಗೆ ಹಾಕಿಕೊಡ್ತೀರಾ ಅಂತ ಸೋಮವಾರ ಕೇಳುತ್ತೇನೆ. ಕೊಟ್ಟರೆ ಹೋಗುತ್ತೇನೆ. ಜುಲೈಗೇ ಬಾ ಅಂದರೆ ಇಲ್ಲ.

ಇಲ್ಲಿ ಕ್ಯಾಮೆರಾ ಅಲ್ಲಾಡಿ ಆಕಾಶ ಕಾಣಿಸುತ್ತಿದೆಯಲ್ಲ, ಅದು ಟ್ಯಾಂಕ್ ತುಂಬಿ ಹರಿಯುತ್ತಿದ್ದಾಗ. ಹಿಂದೆ ಅಮ್ಮ ಕೂಗುತ್ತಿರುವುದು ಕೇಳಿಸುತ್ತಾ? ನಾನು ಮೋಟಾರ್ ಬಂದ್ ಮಾಡಲು ಓಡಿದ್ದೆ.