ಗುರುಗುಟ್ಟುವ ಮೊದಲು ನಾಯಿ ಏನು ಹೇಳಿತ್ತು?

ಎಲ್ಲರಿಗೂ ನಮಸ್ಕಾರ. ನಾಯಿಗೆ 'ಕೂತ್ಕೋ', 'ಬಾ' ಕಲಿಸೋದು ಹೇಗೆ ಅಂತ ಕೇಳಲು ಬಂದಿದ್ದೀರಿ. ಅದನ್ನೂ ಹೇಳುತ್ತೇನೆ. ಆದರೆ ನಾಯಿ ನಮಗೆ ಹೇಳುವುದನ್ನು ಮೊದಲು ನೋಡೋಣ.

ಮನೆ ನಾಯಿ ಯಾರನ್ನಾದರೂ ಕಚ್ಚಿದಾಗ ಮನೆಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಪಾಪ, ಯಾವತ್ತೂ ಹೀಗೆ ಮಾಡಿರಲಿಲ್ಲ, ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು." ಇದ್ದಕ್ಕಿದ್ದ ಹಾಗೆ ಆಗುವುದು ಬಹಳ ಕಡಿಮೆ. ಮಗುವೊಂದು ನಾಯಿಯ ಕುತ್ತಿಗೆ ತಬ್ಬಿಕೊಂಡು ಫೋಟೋಗೆ ನಿಂತಿದೆ ಅಂದುಕೊಳ್ಳಿ. ನಾಯಿ ಮುಖ ಆಚೆ ತಿರುಗಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ನಿದ್ದೆ ಬರದಿದ್ದರೂ ಆಕಳಿಸುತ್ತದೆ. ಕಣ್ಣಿನ ಬಿಳಿ ಭಾಗ ಕಾಣುತ್ತದೆ. ಕೊನೆಗೆ ಮೈ ಬಿಗಿಹಿಡಿದು ಅಲ್ಲಾಡದೆ ನಿಲ್ಲುತ್ತದೆ. ನಾವು "ಎಷ್ಟು ಚೆನ್ನಾಗಿ ಪೋಸ್ ಕೊಡ್ತಿದೆ ನೋಡಿ" ಅನ್ನುತ್ತೇವೆ. ಅದು ಅಷ್ಟೂ ಹೊತ್ತು "ಸಾಕು, ಬಿಡಿ" ಅನ್ನುತ್ತಿರುತ್ತದೆ.

ನಾರ್ವೆಯ ತರಬೇತುದಾರೆ ಟುರಿಡ್ ರುಗೋಸ್ ಇಂಥ ಸನ್ನೆಗಳನ್ನು ಪಟ್ಟಿ ಮಾಡಿ ಜನಪ್ರಿಯಗೊಳಿಸಿದರು. ಹಾಗಂತ ಒಂದು ಆಕಳಿಕೆ ನೋಡಿ ಗಾಬರಿಯಾಗಬೇಡಿ. ನಾಯಿಗೂ ಸುಮ್ನೆ ಆಕಳಿಕೆ ಬರುತ್ತದೆ. ಕಿವಿ, ಬಾಲ, ಬಾಯಿ, ನಿಂತ ಭಂಗಿ, ಎದುರಿಗೆ ಯಾರಿದ್ದಾರೆ, ಎಲ್ಲವನ್ನೂ ಸೇರಿಸಿ ಓದಬೇಕು. ಬಾಲ ಅಲ್ಲಾಡಿದರೆ ಖುಷಿ ಅನ್ನುವುದೂ ಅರ್ಧ ಸತ್ಯ. ಸೊಂಟದ ತನಕ ಮೈಯೆಲ್ಲ ಬಳುಕಿದರೆ ಖುಷಿ ಇರಬಹುದು. ಬಾಲ ಮೇಲೆತ್ತಿ, ಬಿಗಿಯಾಗಿ, ಪಟಪಟ ಅಲ್ಲಾಡಿಸುತ್ತಿದ್ದರೆ ಕೈ ಚಾಚಬೇಡಿ.

ಗುರುಗುಟ್ಟಿದ ನಾಯಿಗೆ ಹೊಡೆಯುವುದು ನಮ್ಮಲ್ಲಿ ಮಾಮೂಲಿ. ಹೊಡೆದರೆ ಗುರುಗುಟ್ಟುವುದು ನಿಲ್ಲಬಹುದು, ಆದರೆ ಭಯ ಹೋಗುವುದಿಲ್ಲ, ಜಾಸ್ತಿಯೂ ಆಗಬಹುದು. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚಬಹುದು. ಹೊಗೆ ಬಂದಾಗ ಕೂಗುವ ಅಲಾರಂನ ವೈರ್ ಕಿತ್ತ ಹಾಗೆ ಇದು. ಗುರುಗುಟ್ಟಿದರೆ ಮೊದಲು ಹಿಂದೆ ಸರಿಯಿರಿ. ಯಾಕೆ ಅಂತ ಆಮೇಲೆ ಯೋಚಿಸಿ. ತಟ್ಟೆಯ ಹತ್ತಿರ ಹೋದಿರಾ? ಕಾಲು ನೋವಿದೆಯಾ? ಚೆನ್ನಾಗಿದ್ದ ನಾಯಿ ದಿಢೀರನೆ ಸಿಡುಕಾದರೆ ಟ್ರೇನರ್‌ಗಿಂತ ಮೊದಲು ಪಶುವೈದ್ಯರಿಗೆ ತೋರಿಸಿ.

ಇನ್ನು 'ತಪ್ಪು ಮಾಡಿದ ಮುಖ'. ಚಪ್ಪಲಿ ಕಚ್ಚಿ ಹಾಕಿರುತ್ತದೆ, ನೀವು ಬಂದ ಕೂಡಲೇ ತಲೆ ತಗ್ಗಿಸುತ್ತದೆ. ಗೊತ್ತಿದ್ದೇ ಮಾಡಿದೆ ಅನ್ನುತ್ತೀರಿ, ಅಲ್ವಾ? ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿದರು. ತಿಂಡಿ ಮುಟ್ಟಬೇಡ ಅಂತ ನಾಯಿಗೆ ಹೇಳಿ ಮಾಲೀಕರು ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಅನ್ನುವುದನ್ನು ಕೆಲವು ಸಲ ಅವರಿಗೆ ಸುಳ್ಳಾಗಿ ಹೇಳಲಾಯಿತು. ಬೈಗುಳ ತಿಂದ ನಾಯಿಗಳು ಆ ಮುಖ ಮಾಡಿದವು. ತಿಂಡಿ ಮುಟ್ಟದಿದ್ದ ನಾಯಿಗಳೂ ಮಾಡಿದವು. ಅದು ನಿಮ್ಮ ಸಿಟ್ಟಿಗೆ ಕೊಡುವ ಉತ್ತರ. ಚಪ್ಪಲಿಯ ಲೆಕ್ಕ ಅದಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಮಾಡಿದ್ದಕ್ಕೆ ಸಂಜೆ ಬೈದರೆ ಅದು ಕಲಿಯುವುದು ಒಂದೇ: ಈ ಮನುಷ್ಯ ಮನೆಗೆ ಬಂದರೆ ಕಷ್ಟ.

'ಆಲ್ಫಾ' ಆಗಿ, ಅಂದರೆ ತೋಳದ ಗುಂಪಿನ ಯಜಮಾನನ ಹಾಗೆ ದರ್ಪ ತೋರಿಸಿ, ನಾಯಿಯನ್ನು ಮಗುಚಿ ಹಿಡಿದು ಅಡಗಿಸಿ ಅನ್ನುವವರನ್ನು ದಯವಿಟ್ಟು ನಂಬಬೇಡಿ. ಆ ವಾದದ ಬೇರು ಕೂಡಿಹಾಕಿದ ತೋಳಗಳ ಮೇಲೆ ನಡೆದ ಹಳೇ ಅಧ್ಯಯನಗಳಲ್ಲಿದೆ. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಇರುವ ಸಂಸಾರ ಅಂತ ತೋಳ ತಜ್ಞ ಡೇವಿಡ್ ಮೆಕ್ 1999ರಲ್ಲಿ ಬರೆದರು.

ಕಲಿಸುವುದಕ್ಕೆ ಬರೋಣ. ಬೇಡದ್ದಕ್ಕೆ ಬೈಯುವ ಬದಲು ಬೇಕಾದ್ದನ್ನು ಹಿಡಿದು ಬಹುಮಾನ ಕೊಡಿ. ನೆಂಟರ ಮೇಲೆ ಹಾರುವ ನಾಯಿಯ ನಾಲ್ಕೂ ಕಾಲು ನೆಲದ ಮೇಲಿರುವ ಗಳಿಗೆ ನೋಡಿ. ಆ ಕ್ಷಣವೇ ಬೇಯಿಸಿದ ಚಿಕನ್ನಿನ ಚೂರೋ ಕ್ಯಾರೆಟ್ಟೋ ಕೊಡಿ. ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಬೇಡವೇ ಬೇಡ, ಅವು ನಾಯಿಗೆ ವಿಷ. ತಡವಾದರೆ, ಅಷ್ಟರಲ್ಲಿ ಅದು ಮತ್ತೆ ಹಾರಿದ್ದರೆ, ನೀವು ಹಾರುವುದಕ್ಕೇ ಬಹುಮಾನ ಕೊಟ್ಟಂತೆ. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು. ಅಜ್ಜಿ ಗುಟ್ಟಾಗಿ ಬಿಸ್ಕತ್ತು ಕೊಡುವ ಮನೆಯಲ್ಲಿ ಇದು ಕಷ್ಟ, ಗೊತ್ತು.

ತಳಿಯನ್ನೂ ನೋಡಿ. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹುಡುಕಿ ಓಡಲು ಬೆಳೆದದ್ದು. ಮೊಲ ಕಂಡಾಗ ಕರೆದರೆ ಬರಲಿಲ್ಲ ಅಂತ ಮೊಂಡ ಅನ್ನಬೇಡಿ. ಉದ್ದನೆಯ ಹಗ್ಗ ಹಾಕಿ, ಗಲಾಟೆ ಇಲ್ಲದ ಜಾಗದಲ್ಲಿ ಅಭ್ಯಾಸ ಶುರು ಮಾಡಿ.

ದೀಪಾವಳಿ ಪಟಾಕಿಗೆ ಮಂಚದ ಕೆಳಗೆ ನಡುಗುವ ನಾಯಿಯನ್ನು ಸಮಾಧಾನ ಮಾಡಬಾರದು, ಭಯ ಹೆಚ್ಚುತ್ತದೆ ಅನ್ನುವವರಿದ್ದಾರೆ. ಭಯ ಅಂದರೆ ನಾಟಕವಲ್ಲ, ಮುದ್ದು ಮಾಡಿದರೆ ಬಲಿಯುವುದಿಲ್ಲ. ಅದಕ್ಕೆ ಬೇಕಿದ್ದರೆ ಪಕ್ಕದಲ್ಲಿ ಕೂರಿ. ಎಳೆದು ಹೊರಗೆ ತರಬೇಡಿ.

ಈಗ ಹೊರಗೆ ಕಾಯುತ್ತಿರುವ ನಾಯಿಯನ್ನು ಒಳಗೆ ಕರೆಸೋಣ. ಯಾರೂ ಅದರ ಮೇಲೆ ಬಾಗಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಪಕ್ಕಕ್ಕೆ ತಿರುಗಿ ಕೂತಿರಿ, ಬೇಕಾದರೆ ಅದೇ ಬರುತ್ತದೆ. ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳುತ್ತೇನೆ.