ಮಾರಾಟಕ್ಕಿಲ್ಲದ ವಸ್ತುವನ್ನು ಪರೀಕ್ಷಿಸುವುದು

ಕೇಳುಗರಿಗೆ ನಮಸ್ಕಾರ.

ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಹೊಸ ಸಾಧನವೊಂದರ ಮುಂದೆ ನಿಂತವರು ಮೊದಲು ಮೇಜಿನ ಅಂಚಿನಲ್ಲಿ ಸಣ್ಣದೊಂದು ಚೀಟಿ ಇದೆಯೇ ಎಂದು ಹುಡುಕಬೇಕು. ಅದರ ಅಕ್ಷರ ಚಿಕ್ಕದು, ಯಾರೂ ಅದನ್ನು ತೋರಿಸುವುದಿಲ್ಲ. ಸಾರ ಇಷ್ಟೇ: ರೇಡಿಯೊ, ಸಂಪರ್ಕ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ನಿಯಮದಂತೆ ಬೇಕಾದ ಅನುಮತಿ ಈ ಸಾಧನಕ್ಕೆ ಇನ್ನೂ ಸಿಕ್ಕಿಲ್ಲ, ಸಿಗುವವರೆಗೆ ಇದನ್ನು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಅನುಮತಿಗೆ ಮುಂಚೆ ಪ್ರದರ್ಶನಕ್ಕೆ ಇಡುವ ಸಾಧನದ ಬಳಿ ಈ ಸೂಚನೆ ಇರಲೇಬೇಕು. ಚೀಟಿ ಕಂಡರೆ, ನಿಮ್ಮ ಕೈಯಲ್ಲಿರುವುದು ಪ್ರೊಟೊಟೈಪ್, ಅಂದರೆ ಇನ್ನೂ ಪೂರ್ತಿಯಾಗದ ಪ್ರಯೋಗದ ಮಾದರಿ ಎಂದು ತಿಳಿಯಿರಿ. ಒಳಗಿನ ಆಂಟೆನಾ ನಾಳೆ ಜಾಗ ಬದಲಿಸಬಹುದು, ಬ್ಯಾಟರಿ ದೊಡ್ಡದಾಗಬಹುದು, ಈಗ ಕಾಣುವ ತೆಳುವು ದಪ್ಪವಾಗಬಹುದು.

ಸಿಇಎಸ್ ಮೊದಲು ನಡೆದದ್ದು 1967ರ ಜೂನ್‌ನಲ್ಲಿ, ನ್ಯೂಯಾರ್ಕಿನಲ್ಲಿ. ಈಗ ಅದು ಪ್ರತಿ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಸೇರುತ್ತದೆ. 2024ರಲ್ಲಿ 1,38,000ಕ್ಕೂ ಹೆಚ್ಚು ಜನ ಬಂದಿದ್ದರು, 4,300ಕ್ಕೂ ಹೆಚ್ಚು ಪ್ರದರ್ಶಕರಿದ್ದರು. ಇದು ಯಾರು ಬೇಕಾದರೂ ನುಗ್ಗುವ ಜಾತ್ರೆಯಲ್ಲ. 18 ತುಂಬಿರಬೇಕು, ಈ ಉದ್ಯಮಕ್ಕೆ ಸಂಬಂಧಪಟ್ಟವರಾಗಿರಬೇಕು. ಕೆಲಸದ ಮೇಲೆ ಅಲ್ಲಿಗೆ ಹೋಗುವ ನಮ್ಮ ಕಡೆಯ ಎಂಜಿನಿಯರುಗಳನ್ನೂ, ಬೆಂಗಳೂರು ಟೆಕ್ ಸಮ್ಮಿಟ್‌ನಂಥ ಕಡೆ ಹೊಸ ಸಾಧನಗಳನ್ನು ನೋಡುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳು.

ಡೆಮೊ ಎಂದರೆ ಗೆಲ್ಲುವಂತೆ ಜೋಡಿಸಿಟ್ಟ ಸನ್ನಿವೇಶ. ಬೆಳಕು, ಸದ್ದು, ತೋರಿಸುವ ವಿಡಿಯೊ, ಹೇಳಿಕೊಡುವ ವಾಕ್ಯ, ಎಲ್ಲವನ್ನೂ ಮುಂಚೆಯೇ ಆರಿಸಿರುತ್ತಾರೆ. ಇದರಲ್ಲಿ ಮೋಸವೇನಿಲ್ಲ, ಅರ್ಧ ಬೆಂದದ್ದನ್ನು ಜನರ ಮುಂದಿಡುವಾಗ ಯಾರಾದರೂ ವಹಿಸುವ ಎಚ್ಚರಿಕೆ ಅದು. ನೋಡುವವರ ಕೆಲಸವೆಂದರೆ ಆ ಜೋಡಣೆಯಿಂದ ಒಂದೇ ಒಂದು ಹೆಜ್ಜೆ ಆಚೆ ಹೋಗಲು ಮರ್ಯಾದೆಯಿಂದ ಕೇಳುವುದು. ಬಟ್ಟೆ ಮಡಚುವ ಯಂತ್ರ ಲಾಂಡ್ರಾಯ್ಡ್ ಈ ಮೇಳದಲ್ಲಿ ಹೆಸರು ಮಾಡಿತ್ತು. ಪತ್ರಕರ್ತರೊಬ್ಬರು ತಮ್ಮದೇ ಕಪ್ಪು ಟೀ ಶರ್ಟನ್ನು ಒಳಗೆ ಹಾಕಿದಾಗ ಕ್ಯಾಮೆರಾಗಳಿಗೆ ಅದರ ಅಂಚು ತಿಳಿಯದೆ ಯಂತ್ರ ತಡವರಿಸಿತು. ಅದನ್ನು ಮಾಡುತ್ತಿದ್ದ ಜಪಾನಿನ ಕಂಪನಿ 2019ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು. ಕಪ್ಪು ಬಟ್ಟೆಯೊಂದೇ ಅದಕ್ಕೆ ಕಾರಣವಲ್ಲ, ನಿಜ. ಆದರೆ ಮನೆಯ ಬಟ್ಟೆಬುಟ್ಟಿಯಲ್ಲಿ ಕಪ್ಪು ಬಟ್ಟೆ ಇದ್ದೇ ಇರುತ್ತದೆ.

ಕೈಗೆ ತೆಗೆದುಕೊಳ್ಳುವ ಮುನ್ನ, ಇದು ನೋಟಕ್ಕೆ ಮಾಡಿದ್ದೋ ಕೆಲಸಕ್ಕೆ ಮಾಡಿದ್ದೋ ಎಂದು ಕೇಳಿ. ನೋಟದ ಮಾದರಿ ನುಣುಪಾಗಿ, ಅಂದವಾಗಿರುತ್ತದೆ, ಒಳಗೆ ಏನೂ ಇಲ್ಲದೆಯೂ ಇರಬಹುದು. ಕೆಲಸದ ಮಾದರಿ ದಪ್ಪ. ತ್ರೀಡಿ ಪ್ರಿಂಟರಿನ ಪದರಗೆರೆಗಳು ಬೆರಳಿಗೆ ತಾಗುತ್ತವೆ, ಸ್ಕ್ರೂ ಹೊರಗೆ ಕಾಣುತ್ತದೆ, ಒಂದು ವೈರ್ ಮೇಜಿನ ಕೆಳಗೆ ಇಳಿದಿರುತ್ತದೆ. ಆ ವೈರ್ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ಮಡಿಲಲ್ಲಿಟ್ಟುಕೊಳ್ಳಬಹುದಾದ ಯಂತ್ರ ಎಂದು ಅವರು ಹೇಳಿದ್ದರ ಲೆಕ್ಕಾಚಾರವೆಲ್ಲ ಮೇಜಿನ ಕೆಳಗಿನ ದೊಡ್ಡ ಕಂಪ್ಯೂಟರಿನಲ್ಲಿ ನಡೆಯುತ್ತಿರಬಹುದು. ಎಂಜಿನಿಯರ್ ಸಿಕ್ಕರೆ ಇವಿಟಿಯೋ ಡಿವಿಟಿಯೋ ಪಿವಿಟಿಯೋ ಎಂದು ಕೇಳಿ, ಮಾರಾಟಕ್ಕೆ ಮುಂಚಿನ ಮೂರು ಪರೀಕ್ಷಾ ಹಂತಗಳ ಹೆಸರು ಅವು. ಮೊದಲನೆಯದರಲ್ಲಿ ಸರ್ಕ್ಯೂಟು ಕೆಲಸ ಮಾಡುತ್ತದೆಯೇ ಎಂದು ನೋಡುತ್ತಿರುತ್ತಾರೆ. ಎರಡನೆಯದರಲ್ಲಿ ನಿಜವಾದ ಅಚ್ಚಿನ ಪ್ಲಾಸ್ಟಿಕ್ ಬಂದಿರುತ್ತದೆ; ಬೀಳಿಸುವ, ಕಾಯಿಸುವ, ನೆನೆಸುವ ಪರೀಕ್ಷೆಗಳು ಆಗ. ಮೂರನೆಯದು ಕಾರ್ಖಾನೆಯ ಸಾಲಿನಲ್ಲೇ ತಯಾರಾದದ್ದು. ಮೊದಲ ಹಂತದಲ್ಲಿದ್ದೂ ಬರುವ ತಿಂಗಳೇ ಮಾರುತ್ತೇವೆ ಎಂದರೆ ನಂಬಬೇಡಿ. ಉಕ್ಕಿನ ಅಚ್ಚು ಕೊರೆಯುವುದಕ್ಕೇ ವಾರಗಟ್ಟಲೆ ಬೇಕು.

ಕಣ್ಣ ಮುಂದೆ ಕೃತಕ ಲೋಕವನ್ನೇ ತೋರಿಸುವ, ತಲೆಗೆ ಹಾಕುವ ವಿಆರ್ ಸಾಧನದ ಬಗ್ಗೆ ತುಸು ನಿಧಾನವಾಗಿ ಹೇಳಬೇಕು, ಜನ ಹೆಚ್ಚು ಬೆರಗಾಗುವುದೂ ಹೆಚ್ಚು ಏಮಾರುವುದೂ ಅಲ್ಲೇ. ಊರಲ್ಲಿರುವಾಗಲೇ ಕನ್ನಡಕದ ಅಂಗಡಿಯಲ್ಲಿ ನಿಮ್ಮ ಎರಡು ಪಾಪೆಗಳ ನಡುವಿನ ಅಂತರವನ್ನು ಅಳೆಸಿಕೊಳ್ಳಿ. ವಯಸ್ಕರಲ್ಲಿ ಸರಾಸರಿ ಅದು 63 ಮಿಲಿಮೀಟರ್. ನಿಮ್ಮದು 57 ಇದ್ದು ಸಾಧನ 63ಕ್ಕೆ ನಿಂತಿದ್ದರೆ ಅಕ್ಷರ ಮಸುಕಾಗುತ್ತದೆ, ತಪ್ಪು ಸಾಧನದ್ದೆಂದು ತಿಳಿದು ಹೊರಬರುತ್ತೀರಿ. ಲೆನ್ಸನ್ನು ಒಣ ಮೈಕ್ರೊಫೈಬರ್ ಬಟ್ಟೆಯಿಂದ ಮಾತ್ರ ಒರೆಸಬೇಕು, ಸ್ಪಿರಿಟ್ ಹಾಕಿದ ಕಾಗದ ಪ್ಲಾಸ್ಟಿಕ್ ಲೆನ್ಸಿನ ಲೇಪವನ್ನು ಹಾಳು ಮಾಡುತ್ತದೆ. ಕುಂಕುಮವೋ ಎಣ್ಣೆಯೋ ಇದ್ದರೆ ಹಣೆ ಒರೆಸಿಕೊಂಡು ಹಾಕಿಕೊಳ್ಳಿ, ಮುಂದಿನವರಿಗೂ ಅದೇ ಸ್ಪಂಜು.

ಹಾಕಿಕೊಂಡ ಮೇಲೆ ಡ್ರ್ಯಾಗನ್ನು, ಸಮುದ್ರ ಎಲ್ಲ ತೋರಿಸುತ್ತಾರೆ. ಅವನ್ನು ನೋಡಿ ಮುಗಿದ ಮೇಲೆ ಒಂದು ಪುಟ ಅಕ್ಷರ ತೋರಿಸಿ ಎಂದು ಕೇಳಿ. ಒಂದೇ ಸಾಲಿನ ಮೇಲೆ ಕಣ್ಣು ನೆಟ್ಟು, ಇಲ್ಲ ಎನ್ನುವಾಗ ಆಡಿಸುವಂತೆ ತಲೆಯನ್ನು ಎಡಬಲಕ್ಕೆ ಬೇಗ ತಿರುಗಿಸಿ. ಸಾಲು ಓದಲು ಬರುತ್ತಿದೆಯೇ? ಲೆಕ್ಕ ಹೀಗಿದೆ. ಪರದೆ ಸೆಕೆಂಡಿಗೆ 90 ಚಿತ್ರ ತೋರಿಸಿದರೆ ಒಂದೊಂದು ಚಿತ್ರಕ್ಕೆ ಸುಮಾರು 11 ಮಿಲಿಸೆಕೆಂಡ್. ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಲೆ ತಿರುಗಿದರೆ ಅಷ್ಟರಲ್ಲಿ ನೋಟ ಒಂದು ಡಿಗ್ರಿಗೂ ಹೆಚ್ಚು ಸರಿದಿರುತ್ತದೆ. 2,000 ಪಿಕ್ಸೆಲ್ 110 ಡಿಗ್ರಿಗೆ ಹರಡಿದ್ದರೆ ಡಿಗ್ರಿಗೆ 18 ಪಿಕ್ಸೆಲ್. ಹಾಗಾಗಿ ಚಿತ್ರ ಪೂರ್ತಿ ಹೊತ್ತು ಬೆಳಗುತ್ತಿದ್ದರೆ ಅಕ್ಷರ 20 ಪಿಕ್ಸೆಲ್ ಅಗಲಕ್ಕೆ ಸವರಿಹೋಗುತ್ತದೆ. ಅದೇ ಚಿತ್ರವನ್ನು 2 ಮಿಲಿಸೆಕೆಂಡ್ ಮಾತ್ರ ಬೆಳಗಿಸಿ ಆರಿಸಿದರೆ ಸವರುವುದು ನಾಲ್ಕೇ ಪಿಕ್ಸೆಲ್. 2014ರ ಸಿಇಎಸ್‌ನಲ್ಲಿ ಆಕ್ಯುಲಸ್ ಕಂಪನಿ ಕ್ರಿಸ್ಟಲ್ ಕೋವ್ ಎಂಬ ಪ್ರೊಟೊಟೈಪ್‌ನಲ್ಲಿ ತೋರಿಸಿದ ಎರಡು ದೊಡ್ಡ ಸುಧಾರಣೆಗಳಲ್ಲಿ ಇದೊಂದು. ಇನ್ನೊಂದು, ತಲೆ ಮುಂದೆ ಬಾಗಿದ್ದನ್ನೂ ಹೊರಗಿನ ಕ್ಯಾಮೆರಾದಿಂದ ಗುರುತಿಸುವುದು. ಎರಡೂ ಕಾಗದದ ಮೇಲಿನ ಅಂಕಿಗಳಲ್ಲಿ ಎದ್ದು ಕಾಣುವಂಥವಲ್ಲ. ತಲೆ ಅಲ್ಲಾಡಿಸಿದವರಿಗೆ ಮಾತ್ರ ತಿಳಿಯುತ್ತಿತ್ತು.

ಆಮೇಲೆ ಯಾವುದಾದರೂ ವಸ್ತುವನ್ನು ಮುಖದ ಹತ್ತಿರ, ಒಂದೂವರೆ ಗೇಣಿನಷ್ಟು ದೂರಕ್ಕೆ ತಂದುಕೊಳ್ಳಿ. ಕಣ್ಣು ನೋಯುತ್ತದೆ. ಎರಡು ಕಣ್ಣೂ ಹತ್ತಿರದ ವಸ್ತುವಿಗಾಗಿ ಒಳಕ್ಕೆ ತಿರುಗಿದರೂ ಲೆನ್ಸಿನ ಫೋಕಸ್ ಒಂದೆರಡು ಮೀಟರ್ ಆಚೆಯೇ ನಿಂತಿರುತ್ತದೆ. ಸಾಮಾನ್ಯ ಸಾಧನಗಳಲ್ಲೆಲ್ಲ ಇರುವ ತೊಡಕಿದು. ಡೆಮೊ ಮಾಡುವವರು ವಸ್ತುಗಳನ್ನು ದೂರದಲ್ಲೇ ಇಟ್ಟಿರುವುದೂ ಇದಕ್ಕೇ. ಐದು ನಿಮಿಷದ ಡೆಮೊದಲ್ಲಿ ತಲೆಸುತ್ತು ಕಾಣಿಸದೆ ಹೋಗಬಹುದು. ಕಳಚಿದ ಮೇಲೂ ಹತ್ತು ನಿಮಿಷ ನಿಮ್ಮ ಹೊಟ್ಟೆಯನ್ನು ಗಮನಿಸಿ, ಕೂಡಲೇ ಎಸ್ಕಲೇಟರ್ ಹತ್ತಬೇಡಿ.

ಗಾಜಿನಲ್ಲೇ ಚಿತ್ರ ತೋರಿಸುವ ಪಾರದರ್ಶಕ ಕನ್ನಡಕಗಳಿಗೂ ಪಾರದರ್ಶಕ ಟಿವಿಗಳಿಗೂ ಒಂದೇ ಪ್ರಶ್ನೆ ಸಾಕು: ಕಪ್ಪು ತೋರಿಸಿ. ಬೆಳಕನ್ನು ಸೇರಿಸಿ ಚಿತ್ರ ಮಾಡುವ ಗಾಜು ಹಿಂದಿನ ಬೆಳಕನ್ನು ಅಳಿಸಲಾರದು. ಕಪ್ಪು ಇರಬೇಕಾದ ಕಡೆ ಹಿಂದಿನ ಗೋಡೆಯೇ ಕಾಣುತ್ತದೆ. ಎಲ್‌ಜಿ 2024ರಲ್ಲಿ ತೋರಿಸಿದ ಪ್ರತಿ ಪಿಕ್ಸೆಲ್ ತಾನೇ ಬೆಳಗುವ 77 ಇಂಚಿನ ಪಾರದರ್ಶಕ ಒಎಲ್‌ಇಡಿ ಟಿವಿಯಲ್ಲಿ ಹಿಂದಿನಿಂದ ಕಪ್ಪು ಪರದೆಯೊಂದು ಮೇಲೇರುವ ಏರ್ಪಾಟು ಇದ್ದದ್ದು ಈ ಕಾರಣಕ್ಕೇ. ಕನ್ನಡಕದ ಮಳಿಗೆಯಲ್ಲಿ ಗೋಡೆ ಕಪ್ಪಾಗಿ, ದೀಪ ಮಂದವಾಗಿದ್ದರೆ, ತಲೆಯೆತ್ತಿ ಸಭಾಂಗಣದ ಚಾವಣಿಯ ದೀಪದ ಕಡೆ ನೋಡಿ. ಅಕ್ಷರ ಉಳಿದರೆ ಒಳ್ಳೆಯದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಒಡೆದರೆ ಬರೆದುಕೊಳ್ಳಿ. ಮಾಮೂಲಿ ಒಎಲ್‌ಇಡಿ ಟಿವಿಯಾದರೆ ಪರದೆ ತುಂಬ ಬಿಳಿ ಹಾಳೆ ತೋರಿಸಲು ಹೇಳಿ. ಪೂರ್ತಿ ಬಿಳಿಯಾದಾಗ ವಿದ್ಯುತ್ತೂ ಬಿಸಿಯೂ ಏರುವುದರಿಂದ ಅದು ತಾನಾಗಿಯೇ ಮಂಕಾಗುತ್ತದೆ. ಫಲಕದ ಮೇಲೆ ಬರೆದ ಗರಿಷ್ಠ ಪ್ರಕಾಶ ಸಾಮಾನ್ಯವಾಗಿ ಪರದೆಯ ಒಂದು ಸಣ್ಣ ಭಾಗದಲ್ಲಿ ಅಳೆದದ್ದು.

ಕೈಗಡಿಯಾರ, ಉಂಗುರಗಳ ವಿಷಯದಲ್ಲಿ ನಮ್ಮ ಚರ್ಮದ ಬಣ್ಣ ಲೆಕ್ಕಕ್ಕೆ ಬರುತ್ತದೆ. ಗಡಿಯಾರ ಹಸಿರು ಬೆಳಕನ್ನು ಚರ್ಮಕ್ಕೆ ಹಾಯಿಸಿ, ಮರಳಿ ಬಂದದ್ದರ ಏರಿಳಿತದಿಂದ ನಾಡಿ ಎಣಿಸುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹಸಿರನ್ನು ಹೀರಿಕೊಳ್ಳುತ್ತದೆ, ಕಪ್ಪು ಚರ್ಮದಲ್ಲಿ ಮರಳುವ ಬೆಳಕು ಕಡಿಮೆ. ಇನ್ನೊಂದು ಕೈಯ ನಾಡಿಯನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ ಹೋಲಿಸಿ. ಮುಷ್ಟಿ ಬಿಗಿಹಿಡಿದು ಬಿಟ್ಟು ಇನ್ನೊಮ್ಮೆ ನೋಡಿ. ಬೆರಳು ತಣ್ಣಗಿದ್ದರೆ ರಕ್ತದ ಹರಿವು ಕಡಿಮೆಯಾಗಿ ಅಳತೆ ತಪ್ಪುತ್ತದೆ, ಕೈ ಉಜ್ಜಿ ಬೆಚ್ಚಗಾಗಿಸಿಕೊಳ್ಳಿ. ಕಳಚಿ ಬಟ್ಟೆಯ ಸುರುಳಿಗೆ ಕಟ್ಟಿದಾಗಲೂ ನಾಡಿ 70 ಎಂದು ತೋರಿಸಿದರೆ, ಇಲ್ಲದ ಕಡೆ ಇಲ್ಲ ಎನ್ನಲು ಅದಕ್ಕೆ ಬರುವುದಿಲ್ಲ ಎಂದಾಯಿತು. ಸೂಜಿ ಚುಚ್ಚದೆ ಸಕ್ಕರೆ ಅಳೆಯುವ ಗಡಿಯಾರ, ಉಂಗುರಗಳ ಬಗ್ಗೆ ಮಾತ್ರ ಬಿಗಿಯಾಗಿರಿ. ಅಂಥ ಒಂದಕ್ಕೂ ತಾನು ಅನುಮತಿ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ತಪ್ಪು ಅಂಕಿ ನೋಡಿ ಇನ್ಸುಲಿನ್ ತೆಗೆದುಕೊಂಡವರ ಪ್ರಾಣಕ್ಕೇ ಅಪಾಯ.

ಭಾಷಾಂತರದ ಸಾಧನಗಳನ್ನು ಕನ್ನಡಿಗರು ಕನ್ನಡದಲ್ಲೇ ಪರೀಕ್ಷಿಸಬೇಕು, ಕನ್ನಡ ಇದೆ ಎಂದು ಅವರು ಹೇಳಿಕೊಂಡಿದ್ದರೆ. ನಮಸ್ಕಾರ, ಹೇಗಿದ್ದೀರಿ ಎಂಬುದನ್ನು ಎಲ್ಲ ಯಂತ್ರಗಳೂ ದಾಟುತ್ತವೆ. ಇದನ್ನು ಹೇಳಿ ನೋಡಿ: 'ನಾಳಿದ್ದು ಒಂದೂಮುಕ್ಕಾಲಿಗೆ ಹುಬ್ಬಳ್ಳಿಯಿಂದ ಹೊರಡ್ತೀವಿ, ಮೂರೂವರೆ ಸಾವಿರ ಕೊಟ್ಟುಬಿಡಿ.' ನಾಳಿದ್ದು ನಾಳೆಯಾಯಿತೇ, ಒಂದೂಮುಕ್ಕಾಲು ಒಂದು ಗಂಟೆಯಾಯಿತೇ, ಮೂರೂವರೆ ಸಾವಿರ ಮೂರು ಸಾವಿರವಾಯಿತೇ? ವಾಕ್ಯದಲ್ಲಿ 'ನಾವು' ಎಂಬ ಪದವೇ ಇಲ್ಲ, ಕ್ರಿಯಾಪದದ ತುದಿಯಲ್ಲಿದೆ, ಅದನ್ನು ಹಿಡಿಯಿತೇ? ಧಾರವಾಡದವರು 'ಹೊಂಟೀವ್ರಿ' ಎನ್ನಿ, ಮಂಗಳೂರಿನವರು 'ಹೊರಡ್ತೇವೆ' ಎನ್ನಿ. ಆಮೇಲೆ ವೈಫೈ ಕಳಚಿ ಇದೇ ವಾಕ್ಯವನ್ನು ಮತ್ತೆ ಹೇಳಿ. ಮೌನವಾದರೆ, ಬುದ್ಧಿಯೆಲ್ಲ ದೂರದ ಸರ್ವರಿನಲ್ಲಿದೆ, ಈ ಡಬ್ಬಿಯೊಳಗೆ ಇಲ್ಲ. ಊರಿನ ಬಸ್ಸಿನಲ್ಲಿ ಸಿಗ್ನಲ್ ಹೋದಾಗಲೂ ಹೀಗೆಯೇ ಆಗುತ್ತದೆ.

ಹಾಗೆಂದು ವೈಫೈ ಕೈಕೊಟ್ಟದ್ದನ್ನೆಲ್ಲ ಸಾಧನದ ಸೋಲೆಂದು ಬರೆಯಬಾರದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಬಾರದ ವೈಫೈ ಚಾನೆಲ್‌ಗಳು ಅಲ್ಲಿ ಮೂರೇ: 1, 6, 11. ಅದೇ ಪಟ್ಟಿಯಲ್ಲಿ ಬ್ಲೂಟೂತೂ ಇದೆ. ಸಾವಿರಾರು ಫೋನುಗಳು ಒಂದೇ ಸೂರಿನಡಿ ಕೂಗಾಡುವಾಗ ಕಿವಿಗಿಡುವ ಸಾಧನ ತೊದಲುವುದು ಸಹಜ. ಬೆಳಿಗ್ಗೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಒಮ್ಮೆ, ಮಧ್ಯಾಹ್ನ ನಾಲ್ಕರ ಮೇಲೆ ಇನ್ನೊಮ್ಮೆ ಅದೇ ಮಳಿಗೆಗೆ ಹೋಗಿ. ಎರಡನೇ ಸಲ ಬ್ಯಾಟರಿ ಎಷ್ಟು ಬಿಸಿಯಾಗಿದೆ, ಎಷ್ಟು ಸಲ ಬದಲಿಸಿದ್ದಾರೆ ಎಂಬುದೂ ತಿಳಿಯುತ್ತದೆ.

ಮನೆಯಲ್ಲಿಡುವ ಯಂತ್ರವಾದರೆ ಪ್ಲಗ್ ಕಿತ್ತು ಮತ್ತೆ ಹಾಕಿ ತೋರಿಸುತ್ತೀರಾ ಎಂದು ಕೇಳಿ. ನಮ್ಮಲ್ಲಿ ಕರೆಂಟು ಹೋಗಿ ಬರುವುದು ದಿನನಿತ್ಯದ ಮಾತು. 2018ರ ಜನವರಿ 10ರಂದು ಆ ಮೇಳದಲ್ಲೂ ಸುಮಾರು ಎರಡು ಗಂಟೆ ಕತ್ತಲಾಗಿತ್ತು. ಮರುಭೂಮಿಯ ಊರಿನಲ್ಲಿ ಸುರಿದ ಜೋರು ಮಳೆಯಿಂದ ಟ್ರಾನ್ಸ್‌ಫಾರ್ಮರಿನಲ್ಲಿ ತೇವ ಕಟ್ಟಿ ಕಿಡಿ ಹಾರಿತ್ತು. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದಿದೆಯೇ, ಬರೀ 120 ಎಂದಿದೆಯೇ ನೋಡಿ. ಮೋಟಾರು, ಹೀಟರ್ ಇರುವ ಯಂತ್ರಗಳಲ್ಲಿ ಇದು ಬರೀ ಪಿನ್ನಿನ ಆಕಾರದ ಪ್ರಶ್ನೆಯಲ್ಲ. 120ರದ್ದನ್ನು ನಮ್ಮ 230ಕ್ಕೆ ಹಾಕಿದರೆ ಸುಟ್ಟೇ ಹೋಗುತ್ತದೆ. ದೂರದವರೆಗೆ ಸಂಕೇತ ಕಳಿಸುವ ಸೆನ್ಸರುಗಳು ಅಮೆರಿಕದಲ್ಲಿ ಹೆಚ್ಚಾಗಿ 902ರಿಂದ 928 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರ ಆಸುಪಾಸಿನ ಪಟ್ಟಿ. ರೇಡಿಯೊ ಭಾಗವನ್ನು ಬದಲಿಸದೆ ಅಂಥದ್ದನ್ನು ಇಲ್ಲಿಗೆ ತರುವಂತಿಲ್ಲ. ಹಂಚಿಕೆದಾರರಾಗಲು ಹೋದವರು ಈ ಒಂದು ಪ್ರಶ್ನೆಯನ್ನು ಮರೆತು ಒಪ್ಪಂದಕ್ಕೆ ಸಹಿ ಹಾಕಬಾರದು.

ಕೇಳದೆ ಏನನ್ನೂ ಕೀಳಬೇಡಿ, ಸುಲಿಯಬೇಡಿ. ಬಾಗುವ ಪರದೆಯನ್ನು ಸ್ಯಾಮ್‌ಸಂಗ್ 2013ರ ಸಿಇಎಸ್‌ನಲ್ಲಿ ಯೂಮ್ ಎಂಬ ಹೆಸರಿನಲ್ಲಿ ತೋರಿಸಿತು. ಅದರ ಮಡಚುವ ಫೋನು ಜನರ ಕೈಗೆ ಬಂದದ್ದು 2019ರಲ್ಲಿ. ಆರು ವರ್ಷದ ಕೆಲಸದ ನಂತರವೂ, ವಿಮರ್ಶೆಗೆಂದು ಮೊದಲು ಕಳಿಸಿದ ಫೋನುಗಳಲ್ಲಿ ಕೆಲವರು ಮೇಲಿನ ಪದರವನ್ನು ಹೊಸ ಫೋನಿನ ಪ್ಲಾಸ್ಟಿಕ್ ಹೊದಿಕೆ ಎಂದುಕೊಂಡು ಸುಲಿದರು. ಅದು ಪರದೆಯದೇ ಭಾಗವಾಗಿತ್ತು. ಪರದೆ ಕೆಟ್ಟಿತು, ಮಾರಾಟ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಮಡಚುವುದನ್ನು ನೋಡುವಾಗ ಪರದೆ ಆರಿಸಲು ಹೇಳಿ, ಓರೆಯಾಗಿ ಹಿಡಿದು ನಡುವಿನ ನೆರಿಗೆಯ ಮೇಲೆ ದೀಪದ ಗೆರೆ ಹೇಗೆ ಬಳುಕುತ್ತದೆ ನೋಡಿ. ಬೆರಳಿನ ತುದಿ ಆಡಿಸಿ, ಉಗುರು ತಾಗಿಸಬೇಡಿ.

ಮಳಿಗೆ ಬಿಟ್ಟ ಕೂಡಲೇ, ಮುಂದಿನದಕ್ಕೆ ಹೋಗುವ ಮುಂಚೆ, ನಾಲ್ಕು ಸಾಲು ಬರೆದುಕೊಳ್ಳಿ: ದಿನ ಮತ್ತು ಗಂಟೆ, ಸಾಫ್ಟ್‌ವೇರಿನ ಆವೃತ್ತಿ, ನೀವಾಗಿ ಮಾಡಿದ್ದೇನು, ಮಾಡಗೊಡದೆ ಹೋದದ್ದೇನು. ಮರುವರ್ಷ ಅದೇ ಮಳಿಗೆಗೆ ಹೋದಾಗ ಕೊನೆಯ ಸಾಲಿನಿಂದಲೇ ಶುರುಮಾಡಿ.

ನಮಸ್ಕಾರ.