ನಾಳೆ ಪುಟ್ಟನಿಗೆ ಮೂರು ತುಂಬುತ್ತದೆ

ನಮಸ್ಕಾರ. ಕ್ಯಾಮೆರಾವನ್ನು ಒಲೆಯ ಪಕ್ಕದಲ್ಲೇ ಇಟ್ಟಿದ್ದೇನೆ, ನಡುನಡುವೆ ಆವಿ ಬರುತ್ತದೆ. ಇವತ್ತು ಅಕ್ಟೋಬರ್ 15. ನಾಳೆ ನಮ್ಮ ಪುಟ್ಟನಿಗೆ ಮೂರು ವರ್ಷ ತುಂಬುತ್ತದೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಬೆಳವಣಿಗೆ ತಡವಾದ ಕೂಸುಗಳಿಗೆ ಕಲಿಸುವ ಅರ್ಲಿ ಇಂಟರ್ವೆನ್ಷನ್‌ನವರು ಮನೆಗೆ ಬರುವುದು ಮೂರನೇ ಹುಟ್ಟುಹಬ್ಬದವರೆಗೆ ಮಾತ್ರ. ಆಮೇಲೆ ಶಾಲೆ. ಹಾಗಾಗಿ ಅವನ ಸ್ಪೀಚ್ ಟೀಚರ್ ಇವತ್ತು ಕೊನೇ ಸಲ ಬರುತ್ತಿದ್ದಾರೆ. ಅವರಿಗೆ ನಮ್ಮ ಮನೆ ಕೇಸರಿಬಾತ್ ಅಂದರೆ ಇಷ್ಟ. ಅದನ್ನೇ ಮಾಡುತ್ತಿದ್ದೇನೆ.

ರವೆ ಹುರಿಯುವುದು ನಿಮಗೆ ಕಾಣುತ್ತಿದೆ. ಬಣ್ಣ ಹಾಕುತ್ತಿಲ್ಲ, ಎರಡು ಎಸಳು ಕೇಸರಿ ಅಷ್ಟೇ. ಅತ್ತೆ ಇದ್ದಿದ್ದರೆ ಅನಾನಸ್ ಹಾಕಿಸುತ್ತಿದ್ದರು. ಅವರು ಈಗ ಮೈಸೂರಿನಲ್ಲಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೊಸದಾಗಿ ನೋಡುತ್ತಿರುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪುಟ್ಟನಿಗೆ ಹುಟ್ಟಿದಾಗಿನಿಂದ ಮೈಯಲ್ಲಿ ಬಿಗಿ ಕಡಿಮೆ. ಕೂತಿದ್ದು ತಡ, ನಡೆದಿದ್ದು ಎರಡು ತುಂಬಿದ ಮೇಲೆ. ಮಾತು ಇನ್ನೂ ತಡ. ಹದಿನಾಲ್ಕು ತಿಂಗಳಿಂದ ಪಿಟಿಗೆ, ಅಂದರೆ ಫಿಸಿಯೋಥೆರಪಿಗೆ ಒಬ್ಬರು, ಸ್ಪೀಚ್‌ಗೆ ಒಬ್ಬರು ಮನೆಗೇ ಬರುತ್ತಿದ್ದಾರೆ. ಆಸ್ಪತ್ರೆಯಲ್ಲಿ ಮಾಡಿದ ಹಾಗೆ ಅಲ್ಲ. ನಮ್ಮ ಸೋಫಾ ಹತ್ತಿಸಿ, ನಮ್ಮ ಮೆಟ್ಟಿಲು ಇಳಿಸಿ, ನಮ್ಮ ಡಬರಿ ಚಮಚದಲ್ಲೇ ಆಟ ಆಡಿಸಿ ಕಲಿಸುತ್ತಾರೆ. ಮಗು ದಿನಾ ಇರುವ ಜಾಗದಲ್ಲೇ ಕಲಿಸಬೇಕು ಅಂತ ಕಾನೂನೇ ಹೇಳುತ್ತದೆ.

ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣಕ್ಕೆ ಅಮೆರಿಕ ಮಾಡಿದ ಆ ಕಾನೂನಿನ ಹೆಸರು ಐಡಿಇಎ. 1975ರಲ್ಲಿ ಬಂದಾಗ ಅದು ಶಾಲೆಗೆ ಹೋಗುವ ಮಕ್ಕಳಿಗೆ ಮಾತ್ರ ಇತ್ತು. ಪುಟ್ಟನಂಥ ಕೂಸುಗಳನ್ನು ಸೇರಿಸಿದ್ದು 1986ರಲ್ಲಿ. ಮೂರು ವರ್ಷದೊಳಗಿನವರದು ಪಾರ್ಟ್ ಸಿ, ಮೂರರಿಂದ ಪಾರ್ಟ್ ಬಿ. ನಮ್ಮ ರಾಜ್ಯದಲ್ಲಿ ಮೊದಲನೆಯದನ್ನು ಆರೋಗ್ಯ ಇಲಾಖೆ ನೋಡಿಕೊಳ್ಳುತ್ತದೆ, ಎರಡನೆಯದು ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಜವಾಬ್ದಾರಿ. ಮೊದಲನೆಯದಕ್ಕೆ ನಮ್ಮ ಸಂಬಳ ನೋಡಿ ಗಂಟೆಗಿಷ್ಟು ಅಂತ ಕಟ್ಟಬೇಕಿತ್ತು. ಶಾಲೆಯದು ಪೂರ್ತಿ ಉಚಿತ. ಅದನ್ನು ಕೇಳಿ ನಮ್ಮ ಯಜಮಾನರಿಗೆ ಸಮಾಧಾನ ಆಯಿತು. ನನಗೆ ದುಡ್ಡು ಹೋದರೂ ಪರವಾಗಿಲ್ಲ, ಟೀಚರ್ ಮನೆಗೇ ಬರಲಿ ಅನಿಸುತ್ತಿತ್ತು.

ಬೆಲ್ ಆಯಿತು. ಒಂದು ನಿಮಿಷ.

ಇಲ್ಲಿ ಟೀಚರ್ ಮುಖ ತೋರಿಸುತ್ತಿಲ್ಲ, ಅವರಿಗೆ ಇಷ್ಟ ಇಲ್ಲ. ಪುಟ್ಟ ಬಾಗಿಲಿಗೆ ಓಡಿದ್ದು ನೋಡಿದಿರಲ್ಲ? ಹೋದ ವರ್ಷ ಇದೇ ಸಮಯಕ್ಕೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಅವರು ಆಡುವಾಗ ನಾನು ಮಾತಾಡುವುದಿಲ್ಲ, ಧ್ವನಿ ಆಮೇಲೆ ಸೇರಿಸುತ್ತಿದ್ದೇನೆ.

ಕಾಗದದ ಕೆಲಸ ಹೇಗೆ ಆಯಿತು ಅಂತ ತುಂಬಾ ಜನ ಕೇಳಿದ್ದೀರಿ. ಮೊದಲು ಮೇ ತಿಂಗಳಲ್ಲಿ ನಮ್ಮ ಊಟದ ಮೇಜಿನ ಮೇಲೇ ಒಂದು ಮೀಟಿಂಗ್ ಆಯಿತು. ಅರ್ಲಿ ಇಂಟರ್ವೆನ್ಷನ್ ಕಡೆಯಿಂದ ಎಲ್ಲ ಹೊಂದಿಸಿಕೊಡುವ ಸರ್ವಿಸ್ ಕೋಆರ್ಡಿನೇಟರ್, ಡಿಸ್ಟ್ರಿಕ್ಟ್‌ನವರು, ನಾವು. ಮೂರು ತುಂಬುವುದಕ್ಕೆ 90 ದಿನ ಇರುವಾಗಲೇ ಇದು ಆಗಿರಬೇಕು. ಬೇಕಾದರೆ ಒಂಬತ್ತು ತಿಂಗಳು ಮುಂಚೆಯೂ ಮಾಡಬಹುದು. ನಮ್ಮ ರಾಜ್ಯದಲ್ಲಿ ಡಿಸ್ಟ್ರಿಕ್ಟ್‌ಗೆ ಮಗುವನ್ನು ಪರೀಕ್ಷಿಸಿ ಅಂತ ಕೇಳುವ ಪತ್ರವನ್ನು 120 ದಿನ ಮುಂಚೆ ಕೊಡಬೇಕು. ಹಿಂದಕ್ಕೆ ಎಣಿಸಿದರೆ ನಮಗೆ ಜೂನ್ 18. ನಾನು 10ಕ್ಕೇ ಕೊಟ್ಟೆ. ಬಾಯಲ್ಲಿ ಹೇಳಿದರೆ ಸಾಲದು, ಬರವಣಿಗೆಯಲ್ಲೇ ಕೊಡಿ. ಅದು ತಲುಪಿದ 20 ದಿನದೊಳಗೆ ಮಗುವನ್ನು ಪರೀಕ್ಷಿಸುವ ಅವರ ಚೈಲ್ಡ್ ಸ್ಟಡಿ ಟೀಮ್ ನಮ್ಮನ್ನು ಮೀಟಿಂಗಿಗೆ ಕರೆಯಬೇಕು. ಬೇಸಿಗೆ ರಜ ಅನ್ನುವ ಕಾರಣ ನಡೆಯುವುದಿಲ್ಲ. ಪರೀಕ್ಷೆಗೆ ಸಹಿ ಹಾಕಿದ ದಿನದಿಂದ 90 ದಿನದಲ್ಲಿ ಎಲ್ಲ ಮುಗಿದು ಐಇಪಿ, ಅಂದರೆ ಆ ಮಗುವಿಗೇ ಅಂತ ಬರೆದ ಕಲಿಕೆಯ ಯೋಜನೆ, ಶುರುವಾಗಬೇಕು.

ಇನ್ನೊಂದು ಮಾತು. ಈಗ ಮನೆಗೆ ಬರುತ್ತಿದ್ದಾರೆ ಅಂದ ಮಾತ್ರಕ್ಕೆ ಶಾಲೆಯಲ್ಲೂ ಸಿಗುತ್ತದೆ ಅಂತ ಇಲ್ಲ. ಹೊಸದಾಗಿ ಪರೀಕ್ಷೆ ಮಾಡುತ್ತಾರೆ. ಸಾಮಾನ್ಯವಾಗಿ ಬೆಳವಣಿಗೆಯ ಒಂದು ವಿಭಾಗದಲ್ಲಿ 33 ಶೇಕಡಾ ಹಿಂದಿರಬೇಕು, ಇಲ್ಲ ಎರಡು ವಿಭಾಗದಲ್ಲಿ 25 ಶೇಕಡಾ.

ಆ ಪರೀಕ್ಷೆಯ ಕಥೆಯನ್ನು ಇವತ್ತು ಹೇಳಲೇಬೇಕು.

ಜುಲೈ ತಿಂಗಳು. ಚಿಕ್ಕ ಕೋಣೆ, ಚಿಕ್ಕ ಕುರ್ಚಿ, ಚಿತ್ರಗಳ ಪುಸ್ತಕ. ಪರೀಕ್ಷೆ ಮಾಡುವವರು ಒಳ್ಳೆಯವರೇ. ಪುಟ ತಿರುಗಿಸಿ ಇಂಗ್ಲಿಷಿನಲ್ಲಿ ಬಾಲ್ ಎಲ್ಲಿ ಅಂದರು. ಪುಟ್ಟ ನನ್ನ ಮುಖ ನೋಡಿದ. ಶೂ ಎಲ್ಲಿ ಅಂದರು. ಮತ್ತೆ ನನ್ನ ಮುಖ. ನಡುವೆ ಬಾಯಿ ಹಾಕಬಾರದು ಅಂತ ಮೊದಲೇ ಹೇಳಿದ್ದರು. ನಾನು ತುಟಿ ಕಚ್ಚಿಕೊಂಡು ಕೂತೆ. ಚೆಂಡು ಎಲ್ಲಿ ಪುಟ್ಟಾ ಅಂತ ಒಂದೇ ಸಲ ಕೇಳಿದ್ದರೆ ಥಟ್ಟನೆ ಬೆರಳು ಇಡುತ್ತಿದ್ದ. ಚೆಂಡು, ಚಪ್ಪಲಿ, ಕಾಗೆ, ನೀರು, ಬಾಳೆಹಣ್ಣು, ಎಲ್ಲ ಅವನಿಗೆ ಗೊತ್ತು. ವರದಿ ಬಂತು. ಮಾತು ಅರ್ಥ ಮಾಡಿಕೊಳ್ಳುವುದರಲ್ಲಿ ಹದಿನಾಲ್ಕು ತಿಂಗಳ ಮಗುವಿನ ಮಟ್ಟ ಅಂತ ಬರೆದಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಗುವಿನ ಮನೆಮಾತಿನಲ್ಲೇ ಪರೀಕ್ಷೆ ಮಾಡಬೇಕು ಅಂತ ಇದೇ ಕಾನೂನಿನಲ್ಲಿದೆ. ತೀರಾ ಸಾಧ್ಯವೇ ಇಲ್ಲ ಅಂದಾಗ ಮಾತ್ರ ಬಿಡಬಹುದು. ಶಾಲೆಯವರ ಮೇಲೆ ಕೆಂಡದಂಥ ಸಿಟ್ಟು ಬಂತು. ಬೆಳಿಗ್ಗೆ ಫೈಲ್ ತೆಗೆದೆ. ಮನೆಯಲ್ಲಿ ಆಡುವ ಭಾಷೆ ಅನ್ನುವ ಕಡೆ ಇಂಗ್ಲಿಷ್ ಅಂತ ಇತ್ತು. ಅಕ್ಷರ ನನ್ನದೇ.

ಯಾಕೆ ಹಾಗೆ ಬರೆದೆ ಅಂದರೆ, ಪುಟ್ಟನಿಗೆ ಒಂದೂವರೆ ವರ್ಷ ಇದ್ದಾಗ ನಮಗೆ ಒಬ್ಬರು ಹೇಳಿದ್ದರು, ಎರಡು ಭಾಷೆ ಆಡಿದರೆ ಮಗುವಿಗೆ ಗೊಂದಲ, ಇಂಗ್ಲಿಷ್ ಒಂದೇ ಇಟ್ಟುಕೊಳ್ಳಿ ಅಂತ. ನಾವು ನಂಬಿದೆವು. ಆಗ ಅತ್ತೆ ಇಲ್ಲೇ ಇದ್ದರು. ಆರು ತಿಂಗಳಿಗೆ ಅಂತ ಬಂದವರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಮೊಮ್ಮಗನ ಹತ್ತಿರ ಮಾತಾಡುವುದನ್ನೇ ಬಿಟ್ಟರು. ಸುಮ್ನೆ ತೊಡೆ ಮೇಲೆ ಕೂರಿಸಿಕೊಂಡು ಬೆನ್ನು ಸವರುತ್ತಿದ್ದರು. ನಾನೇನಾದರೂ ಅಂದರೆ ಮಗುವಿಗೆ ತೊಂದರೆ ಆಗುತ್ತೇನೋ ಅಂತ ಒಂದು ದಿನ ಕೇಳಿದರು. ಅದು ಈಗಲೂ ನನ್ನ ಕಿವಿಯಲ್ಲಿದೆ.

ಆ ಸಲಹೆ ತಪ್ಪು. ಎರಡು ಭಾಷೆಯಿಂದ ಮಾತು ತಡ ಆಗುವುದಿಲ್ಲ, ಮಾತು ತಡವಾದ ಮಗು ಇನ್ನಷ್ಟು ಹಿಂದೆ ಬೀಳುವುದೂ ಇಲ್ಲ. ನಮಗೆ ಇದನ್ನು ಬಿಡಿಸಿ ಹೇಳಿದವರು, ಈಗ ನೆಲದ ಮೇಲೆ ಕೂತು ಗುಳ್ಳೆ ಊದುತ್ತಿದ್ದಾರಲ್ಲ, ಇದೇ ಟೀಚರ್. ಅವರಿಗೆ ಕನ್ನಡದ ಒಂದು ಅಕ್ಷರ ಬರುವುದಿಲ್ಲ. ಆದರೂ ಮೊದಲ ವಾರವೇ ಹೇಳಿದರು, ಅಜ್ಜಿ ಮಾತಾಡಲಿ, ಅಜ್ಜಿಯ ಭಾಷೆಯಲ್ಲೇ ಮಾತಾಡಲಿ ಅಂತ. ಅತ್ತೆಗೆ ಹೇಳಿದಾಗ ಅವರು ನಂಬಲೇ ಇಲ್ಲ. ಆಮೇಲೆ ಮೈಸೂರಿಗೆ ಹೋದವರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕೇಳಿಕೊಂಡೇ ಬಂದರು. ಅಲ್ಲೂ ಮನೆಮಾತು ಬಿಡಬೇಡಿ ಅಂದರಂತೆ. ಈಗ ದಿನಾ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಕಾಗೆ ಗುಬ್ಬಚ್ಚಿ ಕಥೆ ನಡೆಯುತ್ತದೆ.

ನಾವು ಮನೆಯಲ್ಲಿ ಕನ್ನಡಕ್ಕೆ ವಾಪಸು ಬಂದೆವು, ಫಾರ್ಮ್ ತುಂಬುವಾಗ ಮಾತ್ರ ಹಳೇ ಹೆದರಿಕೆ ಕೈ ಹಿಡಿಯಿತು. ಇಂಗ್ಲಿಷ್ ಅಂತ ಬರೆದರೆ ಮಗುವನ್ನು ಚೆನ್ನಾಗಿ ನೋಡುತ್ತಾರೆ ಅನ್ನುವ ಯೋಚನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಕನ್ನಡ ಅಂತಲೇ ಬರೆಯಿರಿ.

ತಿದ್ದುಪಡಿ ಬರೆದು ಕೊಟ್ಟೆ, ಕನ್ನಡದ ದುಭಾಷಿ ಬೇಕು ಅಂತ ಕೇಳಿದೆ. ಎರಡನೇ ಸಲ ಹೋದರೆ ಹಿಂದಿ ಮಾತಾಡುವವರನ್ನು ಕರೆಸಿದ್ದರು! ಪಾಪ, ಆಕೆಯ ತಪ್ಪಲ್ಲ. ಅವರಿಗೂ ಕಸಿವಿಸಿ ಆಯಿತು. ಇಂಡಿಯಾ ಅಂದರೆ ಹಿಂದಿ ಅಂತ ಆಫೀಸಿನಲ್ಲಿ ಯಾರೋ ತಿಳಿದುಕೊಂಡಿದ್ದಾರೆ. ನಮ್ಮ ಯಜಮಾನರು ಕೆಲಸಕ್ಕೆ ರಜ ಹಾಕಿ ಬಂದಿದ್ದರು, ಅದೂ ಹೋಯಿತು. ಮೂರನೇ ಸಲ ಫೋನಿನಲ್ಲಿ ಕನ್ನಡದವರು ಸಿಕ್ಕರು. ಧಾರವಾಡದ ಕಡೆಯ ಮಾತು. ಅವರು ಚೆಂಡು ಎಲ್ಲೈತಿ ಅಂದರು. ಪುಟ್ಟ ಫೋನ್ ನೋಡಿದ, ಪುಸ್ತಕ ನೋಡಿದ, ಬೆರಳಿಟ್ಟ. ನಾನು ಅಲ್ಲೇ ಅತ್ತುಬಿಟ್ಟೆ.

ಹೊಸ ವರದಿಯಲ್ಲಿ ಅರ್ಥ ಮಾಡಿಕೊಳ್ಳುವುದು ಹೆಚ್ಚುಕಡಿಮೆ ವಯಸ್ಸಿಗೆ ತಕ್ಕ ಹಾಗೆ ಇದೆ ಅಂತ ಬಂತು. ಆಡುವ ಮಾತು ಹಿಂದಿದೆ, ಅದು ನಿಜ. ಸ್ಪೀಚ್, ಪಿಟಿ ಎರಡೂ ಸಿಕ್ಕವು. ಸಿಗುವುದು ಹೇಗೂ ಸಿಗುತ್ತಿತ್ತಲ್ಲ, ಯಾಕಿಷ್ಟು ಒದ್ದಾಟ ಅಂತ ಇವರ ಅಣ್ಣ ಕೇಳಿದರು. ಐಇಪಿಯ ಗುರಿಗಳನ್ನು ಬರೆಯುವುದು ಈ ವರದಿ ಇಟ್ಟುಕೊಂಡೇ. ಮೊದಲಿನ ವರದಿಯ ಪ್ರಕಾರ ಹೋಗಿದ್ದರೆ ಒಂದು ವರ್ಷ ಪೂರ್ತಿ ಅವನಿಗೆ ಬಾಲ್ ತೋರಿಸು, ಶೂ ತೋರಿಸು ಅಂತ ಕಲಿಸುತ್ತಿದ್ದರು. ಗೊತ್ತಿರುವುದನ್ನೇ! ಈಗ ಎರಡು ಪದ ಸೇರಿಸಿ ಹೇಳುವುದು ಗುರಿ. ಹೋದ ವಾರ ನೀರು ಬೇಡ ಅಂದ. ಎರಡು ಪದ.

ನಮ್ಮ ರಾಜ್ಯದಲ್ಲಿ ಮೀಟಿಂಗ್‌ಗೆ 10 ದಿನ ಮುಂಚೆ ವರದಿ ನಮ್ಮ ಕೈಗೆ ಕೊಡಬೇಕು. ಕೂತು ಓದಿ. ಐಇಪಿ ಮೀಟಿಂಗ್‌ಗೆ ಅರ್ಲಿ ಇಂಟರ್ವೆನ್ಷನ್‌ನ ಸರ್ವಿಸ್ ಕೋಆರ್ಡಿನೇಟರನ್ನೂ ಕರೆಯಿರಿ ಅಂತ ನಾವು ಕೇಳಿದರೆ ಶಾಲೆಯವರು ಕರೆಯಬೇಕು. ನಾವು ಕೇಳಿದೆವು. ಪುಟ್ಟನನ್ನು ಬಲ್ಲವರು ಇನ್ನೊಬ್ಬರು ಮೇಜಿನ ಆ ಕಡೆ ಕೂತಿದ್ದರೆ ಧೈರ್ಯ ಅಲ್ವಾ.

ಈ ಶಾಟ್ ಶಾಲೆಯದು, ಹೋದ ವಾರ ತೆಗೆದದ್ದು. ಹೊರಗಡೆ ಮಾತ್ರ. ಆ ಹಳದಿ ಬಸ್ಸಿನಲ್ಲೇ ಅವನು ಹೋಗುವುದು. ಮೂರು ವರ್ಷದ ಮಗುವನ್ನು ಬಸ್ಸಿನಲ್ಲಿ ಕಳಿಸುವುದೇ ಇಲ್ಲ ಅಂತ ನಾನು ಹಟ ಹಿಡಿದಿದ್ದೆ. ಬಸ್ಸಿನೊಳಗೆ ಹತ್ತಿ ನೋಡಿದೆ. ಕಾರ್ ಸೀಟಿನ ಹಾಗೆ ಬೆಲ್ಟ್ ಇದೆ, ನೋಡಿಕೊಳ್ಳಲು ಒಬ್ಬ ಆಂಟಿ ಇದ್ದಾರೆ. ಈಗ ಪರವಾಗಿಲ್ಲ ಅನಿಸುತ್ತಿದೆ. ಮೊದಲ ವಾರ ಕಾರಿನಲ್ಲಿ ಹಿಂದೆ ಹೋಗುತ್ತೇನೆ, ಅದು ಬೇರೆ ವಿಷಯ.

ಟೀಚರ್ ಹೊರಟರು. ಕೇಸರಿಬಾತ್ ಡಬ್ಬಿಗೆ ಹಾಕಿ ಕೊಟ್ಟೆ. ಪುಟ್ಟ ಟಾಟಾ ಮಾಡಿದ, ಕೊನೇ ಸಲ ಅಂತ ಅವನಿಗೆ ಗೊತ್ತಿಲ್ಲ. ಅವರು ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಹೊರಡಲೇ ಇಲ್ಲ. ಅಷ್ಟು ಸಾಕು, ಕ್ಯಾಮೆರಾ ಒಳಗೆ ತಂದೆ.

ಇದು ನಾಳೆಯ ಬ್ಯಾಗು. ಡೈಪರ್, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ. ಡಾಕ್ಟರ ಫಾರ್ಮ್ ಆಗಲೇ ಕೊಟ್ಟಾಗಿದೆ. ಫ್ಲೂ ಲಸಿಕೆಯೂ ಆಯಿತು, ಇಲ್ಲಿ ಪ್ರೀಸ್ಕೂಲ್ ಮಕ್ಕಳಿಗೆ ಡಿಸೆಂಬರ್ 31ರೊಳಗೆ ಆಗಲೇಬೇಕು. ಮತ್ತೆ ಈ ಕಾರ್ಡು. ಪುಟ್ಟ ಆಡುವ 41 ಪದ ಬರೆದಿದ್ದೇನೆ. ಅವನು ಹೇಳುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ. ಮಮ್ಮು ಅಂದರೆ ಊಟ. ತಾಚಿ ಅಂದರೆ ನಿದ್ದೆ. ಬೇಡ ಅಂದರೆ ನಿಜವಾಗಿ ಬೇಡ, ಬಲವಂತ ಮಾಡಬೇಡಿ. ಅಜ್ಜಿ ಅಂತ ಅತ್ತರೆ ಫೋಟೋ ಬ್ಯಾಗಿನ ಮುಂದಿನ ಜೇಬಿನಲ್ಲಿದೆ.

ಅಯ್ಯೋ, ಉಚ್ಚೆ ಬರೆದೇ ಇಲ್ಲ! ಅದೇ ಮುಖ್ಯವಾಗಿ ಬೇಕಾದದ್ದು. 42 ಆಯಿತು. ತಾಳಿ, ಪೆನ್ನು ತರುತ್ತೇನೆ, ಇಲ್ಲಿಗೆ ನಿಲ್ಲಿಸುತ್ತೇನೆ.